ಮ್ಯಾಕ್ರೋ ನಿಧಾನವಾಗಿದ್ದರೆ ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಕೂಲಿ ಲೆಕ್ಕದ ಎಕ್ಸೆಲ್ ಮ್ಯಾಕ್ರೋ (ಶೀಟಿನ ಕೆಲಸವನ್ನು ತಾನಾಗಿ ಮಾಡುವ ಚಿಕ್ಕ ಪ್ರೋಗ್ರಾಂ) ಓಡಿಸಿದರೆ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ಕೂಗುತ್ತದೆ ಅಂತ ಮಡಿಕೇರಿ, ಸೋಮವಾರಪೇಟೆ ಕಡೆಯವರು ಕೇಳಿದ್ದೀರಿ.

ಹೆಚ್ಚಾಗಿ ಕಾರಣ ಇದು: ಮ್ಯಾಕ್ರೋ ಒಂದೊಂದೇ ಸೆಲ್ ಮುಟ್ಟುತ್ತದೆ. 5000 ಸಾಲಿದ್ದರೆ 5000 ಸಲ ಶೀಟಿಗೆ ಹೋಗಿ ಬರಬೇಕು, ಅಲ್ವಾ? ಅದರ ಬದಲು ಇಡೀ ರೇಂಜನ್ನು (ಬೇಕಾದ ಸೆಲ್‌ಗಳನ್ನೆಲ್ಲ) ಒಂದೇ ಸಲ ಅರೇಗೆ, ಅಂದರೆ ಮೆಮೊರಿಯಲ್ಲಿರುವ ಪಟ್ಟಿಗೆ, ತೆಗೆದುಕೊಳ್ಳಿ. ಕೆಜಿ, ದರ ಅಲ್ಲೇ ಗುಣಿಸಿ, ಒಟ್ಟಿಗೆ ವಾಪಸ್ ಬರೆಯಿರಿ. ಜಾಸ್ತಿ ಸಮಯ ಉಳಿಯುವುದು ಇಲ್ಲೇ.

ರೆಕಾರ್ಡ್ ಮಾಡಿದ ಮ್ಯಾಕ್ರೋದಲ್ಲಿ ಸುಮ್ನೆ ಬಂದಿರುವ 'ಸೆಲೆಕ್ಟ್' (ಸೆಲ್ ಆರಿಸುವ ಆದೇಶ) ತೆಗೆಯಿರಿ. ಶುರುವಿನಲ್ಲೇ ಸ್ಕ್ರೀನ್ ಅಪ್‌ಡೇಟಿಂಗ್ (ಪ್ರತಿ ಬದಲಾವಣೆಯನ್ನೂ ಪರದೆಯಲ್ಲಿ ತೋರಿಸುವುದು) ಆಫ್ ಮಾಡಿ, ಫಾರ್ಮುಲಾಗಳು ಪ್ರತಿ ಸಲ ತಾವಾಗಿ ಲೆಕ್ಕ ಹಾಕದಂತೆ ಕ್ಯಾಲ್ಕುಲೇಷನ್ ಮ್ಯಾನ್ಯುಯಲ್‌ಗೆ ಹಾಕಿ.

ಕೊನೆಯಲ್ಲಿ ಕ್ಯಾಲ್ಕುಲೇಷನ್ ಮತ್ತೆ ಆಟೋಮ್ಯಾಟಿಕ್‌ಗೆ ತರಲೇಬೇಕು, ಎರರ್ ಬಂದು ಮಧ್ಯೆ ನಿಂತರೂ. ನಾನು ಒಮ್ಮೆ ಮರೆತಿದ್ದೆ. ತೂಕ ತಿದ್ದಿದರೂ ಕೂಲಿಯ ಮೊತ್ತ ಹಳೆಯದೇ ಇತ್ತು. ಬಟವಾಡೆಗೆ ಮುಂಚೆ ಕಣ್ಣಿಗೆ ಬಿತ್ತು.