ತಳಿ ಬಂತು, ತೂಬು ಕಾಯುವವರೆಲ್ಲಿ?

ಮಾನ್ಯ ಸಂಪಾದಕರೇ,

ಸುಸ್ಥಿರ ಆಹಾರದ ಮಾತು ಬಂದಾಗಲೆಲ್ಲ ಸಿರಿಧಾನ್ಯ, ಸಾವಯವ ಗೊಬ್ಬರ, ತಾರಸಿ ತೋಟ ಇಷ್ಟರಲ್ಲೇ ಚರ್ಚೆ ಮುಗಿದುಹೋಗುತ್ತದೆ. ಗೋವಾದಲ್ಲಿರುವ ಕನ್ನಡಿಗರ ಕಣ್ಣೆದುರಿಗೇ ಇರುವ ಖಜಾನ್ ಗದ್ದೆಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಮಾಂಡವಿ, ಜುವಾರಿ ಮತ್ತು ಅವುಗಳ ಉಪನದಿಗಳ ಅಳಿವೆಯಲ್ಲಿ, ಉಬ್ಬರದ ನೀರು ಮುಳುಗಿಸಬೇಕಾದ ಜಾಗಕ್ಕೆ ಮಣ್ಣಿನ ಒಡ್ಡು ಕಟ್ಟಿ ನೂರಾರು ವರ್ಷಗಳಿಂದ ಭತ್ತ ಬೆಳೆದ ನೆಲವಿದು. ಇದರ ವಿಸ್ತೀರ್ಣ ಸುಮಾರು 18,000 ಹೆಕ್ಟೇರ್ ಎಂದು ಹೇಳಲಾಗುತ್ತದೆ. ಕುಮಟಾ ಕಡೆಯವರಿಗೆ ಇದು ಹೊಸದಲ್ಲ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳೂ ಇದೇ ಜಾತಿಯವು. ಗೋವಾದಲ್ಲಿ ಕೊರಗುಟ್, ಕುಮಟಾದಲ್ಲಿ ಕಗ್ಗ: ಎರಡೂ ಉಪ್ಪು ತಡೆಯುವ ಭತ್ತ, ಎರಡಕ್ಕೂ ರಾಸಾಯನಿಕ ಗೊಬ್ಬರ ಬೇಡ.

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಬರುವ ತರಕಾರಿ ಲಾರಿಗಳು ಎರಡು ದಿನ ನಿಂತರೆ ಪಣಜಿ, ಮಡಗಾಂವ್ ಮಾರುಕಟ್ಟೆಗಳಲ್ಲಿ ದರ ಏರುತ್ತದೆ. ಇಷ್ಟೊಂದು ಹೊರಗಿನಿಂದ ತರಿಸಿಕೊಂಡು ತಿನ್ನುವ ರಾಜ್ಯ, ತನ್ನೊಳಗೇ ಇರುವ ಭತ್ತ ಮತ್ತು ಮೀನಿನ ಗದ್ದೆಯನ್ನು ಉಪ್ಪುನೀರಿಗೆ ಬಿಟ್ಟುಕೊಡುತ್ತಿರುವುದು ನಮಗೆ ನೋವಿನ ವಿಷಯ. ಸಂಶೋಧನೆ ಇಲ್ಲ ಎಂದಲ್ಲ. ಹಳೆ ಗೋವಾದ ಏಲಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ, ಕೊರಗುಟ್‌ನಿಂದಲೇ ಆಯ್ದು ಗೋವಾ ಧಾನ್ 1, ಗೋವಾ ಧಾನ್ 2 ಎಂಬ ತಳಿಗಳನ್ನು ಕೊಟ್ಟಿದೆ. ಆದರೆ ಬೀಜ ಎಷ್ಟೇ ಒಳ್ಳೆಯದಾದರೂ ಗದ್ದೆಯ ಗತಿ ನಿರ್ಧಾರವಾಗುವುದು ತೂಬಿನ ಬಾಯಲ್ಲಿ. ಹಣ, ಗಮನ, ಹೊಣೆ ಮೂರೂ ಅಲ್ಲಿಗೆ ತಲುಪುತ್ತಿಲ್ಲ ಎಂಬುದೇ ಈ ಪತ್ರದ ವಿಷಯ.

ಖಜಾನ್‌ನ ತೂಬಿಗೆ ಇಲ್ಲಿ ಮಾನಸ್ ಎನ್ನುತ್ತಾರೆ. ಒಡ್ಡಿನ ನಡುವೆ ಕಲ್ಲಿನ ಕಟ್ಟೆ, ಅದರಲ್ಲಿ ಮರದ ಚೌಕಟ್ಟು, ಚೌಕಟ್ಟಿನ ಮೇಲಂಚಿನಿಂದ ನದಿಯ ಕಡೆಗೆ ಇಳಿಬಿಟ್ಟ ಬಾಗಿಲು. ನೀರಿನಲ್ಲಿ ಬೇಗ ಕೊಳೆಯದ ಮತ್ತಿ ಮರವೇ ಇದಕ್ಕೆ ವಾಡಿಕೆ. ಉಬ್ಬರ ಬಂದಾಗ ಹೊರಗಿನ ನೀರು ಒತ್ತಿ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ಮಳೆನೀರು ದೂಡಿ ತೆರೆದುಕೊಳ್ಳುತ್ತದೆ. ಕರೆಂಟ್ ಬೇಡ, ಪಂಪ್ ಬೇಡ. ತೂಬಿನ ಒಳಮಗ್ಗುಲಲ್ಲಿ ಪೊಯಿಂ ಎಂಬ ಹಳ್ಳವಿರುತ್ತದೆ. ಒಳಬಂದ ನೀರು ಗದ್ದೆಗೆ ಹರಿಯದೆ ಅಲ್ಲೇ ನಿಲ್ಲುತ್ತದೆ, ಅಲ್ಲಿ ಮೀನು, ಸೀಗಡಿ ಬೆಳೆಯುತ್ತವೆ.

ಇಷ್ಟು ಸರಳವಾದ ವ್ಯವಸ್ಥೆ ಕೆಡುವುದು ಬಾಗಿಲು ಮತ್ತು ಚೌಕಟ್ಟು ಕೂಡುವ ಅಂಚಿನಲ್ಲಿ. ಮರ ಸವೆದು ಒಂದು ಮೀಟರ್ ಉದ್ದಕ್ಕೆ ಒಂದೇ ಸೆಂಟಿಮೀಟರ್ ಸಂದಿ ಬಿತ್ತು ಎಂದುಕೊಳ್ಳಿ. ಹೊರಗಿನ ನೀರು ಒಳಗಿನದಕ್ಕಿಂತ ಸರಾಸರಿ ಅರ್ಧ ಮೀಟರ್ ಎತ್ತರ ಇದ್ದರೆ ಆ ಸಂದಿಯಿಂದ ಸೆಕೆಂಡಿಗೆ ಸುಮಾರು 19 ಲೀಟರ್ ನುಗ್ಗುತ್ತದೆ. ನಾಲ್ಕು ತಾಸಿನ ಉಬ್ಬರಕ್ಕೆ ಅದು 2.7 ಲಕ್ಷ ಲೀಟರ್. ಬೇಸಿಗೆಯ ಅಳಿವೆಯ ನೀರಿನಲ್ಲಿ ಲೀಟರಿಗೆ 30 ಗ್ರಾಂ ಉಪ್ಪು ಇದ್ದರೆ, ಒಂದು ಉಬ್ಬರಕ್ಕೆ ಎಂಟು ಟನ್ ಉಪ್ಪು ಒಳಗೆ ಬಂದಂತಾಯಿತು. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ! ಇದನ್ನು ತಡೆಯಲು ಬೇಕಾದದ್ದು ಹಳೆಯವರು ಮಾಡುತ್ತಿದ್ದ ಕೆಲಸ ಮಾತ್ರ: ತೆಂಗಿನ ನಾರನ್ನು ಜಿಗುಟು ಮಣ್ಣಿನಲ್ಲಿ ಕಲಸಿ ಅಂಚಿಗೆ ತುರುಕುವುದು, ಮಳೆಗಾಲಕ್ಕೆ ಮುಂಚೆ ಹಲಗೆ ಬಿಚ್ಚಿ ಸವೆದ ಅಂಚನ್ನು ಕೆತ್ತಿ ಸಮ ಮಾಡುವುದು, ಬಾಗಿಲಿನ ಹೊಸ್ತಿಲಿನಲ್ಲಿ ಕಟ್ಟಿಗೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆಯೇ ಎಂದು ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಮುನ್ನ ನೋಡುವುದು. ಒಂದು ತೆಂಗಿನ ಹೆಡೆ ಅಡ್ಡ ಬಿದ್ದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಈ ಕೆಲಸ ಮಾಡುವವರು ಯಾರು? ಹಿಂದೆ ಊರಿನ ಜಮೀನನ್ನು ಒಟ್ಟಾಗಿ ನೋಡಿಕೊಳ್ಳುವ ಗ್ರಾಮ ಸಂಸ್ಥೆಯಾದ ಗಾಂವಕರಿ, ಅಂದರೆ ಕೊಮುನಿದಾದ್, ಒಡ್ಡು ಮತ್ತು ತೂಬು ನೋಡಿಕೊಳ್ಳುತ್ತಿತ್ತು. 1964ರ ಗೇಣಿ ಕಾಯ್ದೆಯ ನಂತರ ಆ ಹೊಣೆ ಗೇಣಿದಾರರ ಸಂಘಗಳಿಗೆ ಬಂತು. ಈ ಸಂಘಗಳ ಮುಖ್ಯ ಆದಾಯ ತೂಬಿನಲ್ಲಿ ಮೀನು ಹಿಡಿಯುವ ಹಕ್ಕಿನ ಹರಾಜು. ಸಮಸ್ಯೆ ಇರುವುದೇ ಇಲ್ಲಿ. ಇಳಿತದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟುವ ಗುತ್ತಿಗೆದಾರನಿಗೆ ಎಷ್ಟು ಹೆಚ್ಚು ನೀರು ಒಳಬಂದರೆ ಅಷ್ಟು ಹೆಚ್ಚು ಮೀನು. ರೈತನಿಗೆ ಎಷ್ಟು ಕಡಿಮೆ ಬಂದರೆ ಅಷ್ಟು ಒಳ್ಳೆಯದು. ಹರಾಜು ಕರಾರಿನಲ್ಲಿ ಬಾಗಿಲು ಯಾವ ತಿಂಗಳು ಯಾರ ಕೈಯಲ್ಲಿ ಎಂದು ಬರೆಯದೆ ಹೋದರೆ ಜಗಳ ಖಚಿತ, ಅದರಲ್ಲಿ ಸೋಲುವುದು ಭತ್ತ. ಗದ್ದೆ ಪಾಳು ಬಿದ್ದವನು ಮುಂದಿನ ವರ್ಷ ಸಂಘದ ಸಭೆಗೂ ಬರುವುದಿಲ್ಲ. ಆಮೇಲೆ ಮೀನಿನ ಹರಾಜೊಂದೇ ಉಳಿಯುತ್ತದೆ.

ಮೀನುಗಾರಿಕೆ ಬೇಡ ಎಂದು ನಾವು ಹೇಳುತ್ತಿಲ್ಲ. ಖಜಾನ್‌ನ ಸೊಗಸೇ ಭತ್ತ ಮತ್ತು ಮೀನಿನ ಪಾಳಿಯಲ್ಲಿದೆ. ಕೊರಗುಟ್ ಕೊಯ್ದ ಮೇಲೆ ಉಳಿದ ಕೂಳೆ ನೀರಿನಲ್ಲಿ ಕೊಳೆತು ಮೀನಿಗೆ ಮೇವಾಗುತ್ತದೆ, ಆ ನೀರು ತಂದ ಮೆಕ್ಕಲು ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಕರಾರಿನಲ್ಲಿ ಒಂದು ಸಾಲು ಸಾಕು: ಮೇ 15ರಿಂದ ಕೊಯ್ಲು ಮುಗಿಯುವವರೆಗೆ ಬಾಗಿಲಿನ ಕೀಲಿ ರೈತ ಸಂಘದ ಕೈಯಲ್ಲಿ, ನಂತರ ಗುತ್ತಿಗೆದಾರನ ಕೈಯಲ್ಲಿ. ಮಾಮಲೆದಾರರ ಕಚೇರಿ ಈ ಸಾಲಿಲ್ಲದ ಹರಾಜಿಗೆ ಒಪ್ಪಿಗೆ ಕೊಡಬಾರದು.

ಒಡ್ಡಿನ ವಿಷಯಕ್ಕೆ ಬಂದರೆ, ಅದು ಒಡೆಯುವ ಮುಂಚೆ ಸುಳಿವು ಕೊಡುತ್ತದೆ. ದೊಡ್ಡ ಉಬ್ಬರದ ಹೊತ್ತಿನಲ್ಲಿ ಒಳಮಗ್ಗುಲಿನ ಬುಡದಲ್ಲಿ ನಡೆದು ನೋಡಬೇಕು. ತಿಳಿನೀರು ಒಸರುತ್ತಿದ್ದರೆ ಗಾಬರಿ ಬೇಡ, ಗಮನ ಇದ್ದರೆ ಸಾಕು. ಕೆಂಪು ಅಥವಾ ಬೂದು ಬಣ್ಣದ ರಾಡಿ ನೀರು ಬರುತ್ತಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಅದನ್ನು ಅದೇ ಇಳಿತದಲ್ಲಿ ಮುಚ್ಚಬೇಕು. ಸಾಮಾನ್ಯ ಕಾರಣ ಏಡಿ ಬಿಲ. ನೀರು ಹೊರಬರುವ ಒಳಬಾಯಿಗೆ ಮಣ್ಣು ತುರುಕುವುದು ವ್ಯರ್ಥ, ಮುಂದಿನ ಉಬ್ಬರ ಅದನ್ನು ದೂಡಿ ಹೊರಹಾಕುತ್ತದೆ, ಒಳಗಿನ ಪೊಳ್ಳು ಹಾಗೇ ಉಳಿಯುತ್ತದೆ. ನದಿಯ ಕಡೆಯಿಂದ ಬಿಲವನ್ನು ಹಿಂಬಾಲಿಸಿ ಅಗೆದು, ಜಿಗುಟು ಮಣ್ಣನ್ನು ಗೇಣಿನಷ್ಟು ಪದರ ಹಾಕಿ, ತುಳಿದು, ಮತ್ತೆ ಪದರ ಹಾಕಬೇಕು.

ಒಡ್ಡು ಹರಿದೇ ಹೋದರೆ ಅದನ್ನು ಕಟ್ಟುವ ಕಾಲ ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದ ದಿನಗಳು. ಹುಣ್ಣಿಮೆಯ ಹೊತ್ತಿಗೆ ಕೈಹಾಕಿದವರ ಮಣ್ಣು ರಾತ್ರೋರಾತ್ರಿ ನದಿಪಾಲು. ಎರಡು ಸಾಲು ಬಿದಿರಿನ ಇಲ್ಲವೇ ತೆಂಗಿನ ಗೂಟ, ಒಳಮೈಗೆ ಹೆಣೆದ ತೆಂಗಿನ ಗರಿ, ನಡುವೆ ಹುಲ್ಲು ಬೆರೆಸಿದ ಜಿಗುಟು ಮಣ್ಣು. ಒಡ್ಡಿನ ತಲೆ ಆ ಜಾಗದ ಅತಿ ದೊಡ್ಡ ಉಬ್ಬರದ ಗುರುತಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು, ಹೊಸ ಮಣ್ಣು ಕುಸಿದು ಕೂರುವುದರಿಂದ ಕಟ್ಟುವಾಗ ಇನ್ನಷ್ಟು ಎತ್ತರ ಕೊಡಬೇಕು. ಈಗ ನಡೆಯುತ್ತಿರುವುದು ಬೇರೆ. ಜೆಸಿಬಿ ತಂದು ಗದ್ದೆಯ ಮಗ್ಗುಲಲ್ಲೇ ಆಳವಾಗಿ ತೋಡಿ ಕಪ್ಪು ಮಣ್ಣು ಮೇಲೆ ಹಾಕುತ್ತಾರೆ. ಅಳಿವೆಯ ಆ ತಳಮಣ್ಣಿನಲ್ಲಿ ಗಂಧಕ ಮತ್ತು ಕಬ್ಬಿಣ ಕೂಡಿದ ಖನಿಜ ಇರುವುದುಂಟು. ಅದು ನೀರಿನಡಿ ಇದ್ದಷ್ಟು ದಿನ ಸಾಧು. ಗಾಳಿಗೆ ಒಣಗಿದಾಗ ಆಮ್ಲವಾಗುತ್ತದೆ. ಅಂಥ ಒಡ್ಡಿನ ಮೇಲೆ ಹುಲ್ಲು ಹಿಡಿಯುವುದಿಲ್ಲ, ಹುಲ್ಲಿಲ್ಲದ ಒಡ್ಡು ಮೊದಲ ಮಳೆಗೇ ಕರಗುತ್ತದೆ, ತೊಳೆದು ಬಂದ ಹುಳಿನೀರು ಸಸಿಯನ್ನೂ ಪೊಯಿಂನ ಮೀನನ್ನೂ ಕೊಲ್ಲುತ್ತದೆ. ಮೇಲ್ಪದರದ ಮಣ್ಣನ್ನೇ ದೂರದಿಂದ ತಂದರೆ ಖರ್ಚು ಹೆಚ್ಚು, ನಿಜ. ಆದರೂ ಅದೇ ಸರಿ. ಕಾಂಕ್ರೀಟ್ ಗೋಡೆಯ ಮೋಹವೂ ಇಲ್ಲಿ ಕೆಲಸಕ್ಕೆ ಬಾರದು. ಮೆದು ಕೆಸರಿನ ಮೇಲೆ ಅದು ಅಲ್ಲಲ್ಲಿ ಬೇರೆ ಬೇರೆ ಮಟ್ಟಕ್ಕೆ ಇಳಿದು ಬೆಸುಗೆಯಲ್ಲಿ ಬಿರಿಯುತ್ತದೆ. ಗಾರೆ ಇಲ್ಲದೆ ಜೋಡಿಸಿದ ಚಿರೆಕಲ್ಲು ಮಣ್ಣಿನ ಜೊತೆಗೇ ಬಾಗುತ್ತದೆ, ಇಳಿತದಲ್ಲಿ ಒಡ್ಡಿನೊಳಗಿನ ನೀರು ಸಂದಿಗಳಿಂದ ಹೊರಹೋಗಲು ದಾರಿಯನ್ನೂ ಬಿಡುತ್ತದೆ.

ಈ ಒಡ್ಡುಗಳ ಮೇಲೆ ಬುಟ್ಟಿ ಹೊತ್ತು ದುಡಿಯುವವರಲ್ಲಿ ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರದಿಂದ ಬಂದ ನಮ್ಮವರು ಬಹಳ. ಎರೆಮಣ್ಣಿನ ಒಡ್ಡು ಹಾಕಿ ಗೊತ್ತಿರುವವರಿಗೆ ಉಬ್ಬರದ ಲೆಕ್ಕ ಹೊಸದು. ಕೆಲಸದ ಸೂಚನೆ ಮರಾಠಿ, ಕೊಂಕಣಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತದೆ. ಮೇಲೆ ಹೇಳಿದ ನಾಲ್ಕು ವಿಷಯಗಳನ್ನು, ಅಂದರೆ ಯಾವ ದಿನ, ಯಾವ ಮಣ್ಣು, ಎಷ್ಟು ಪದರ, ಎಷ್ಟು ಎತ್ತರ ಎಂಬುದನ್ನು, ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮುಕಾದಮರ ಕೈಗೆ ಕೊಡಲು ಗೋವಾದ ಕನ್ನಡ ಸಂಘಗಳಿಗೆ ಕಷ್ಟವೇನಿಲ್ಲ.

ಇನ್ನು ಬೀಜ ಮತ್ತು ಉಪ್ಪಿನ ಅಳತೆ. ಭತ್ತ ಮೊಳಕೆಯಲ್ಲಿ ಉಪ್ಪನ್ನು ಸಹಿಸುತ್ತದೆ, ಎಳೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಸಹಿಸುವುದಿಲ್ಲ. ಲವಣತೆಯನ್ನು ನೀರು ಎಷ್ಟು ವಿದ್ಯುತ್ ಸಾಗಿಸುತ್ತದೆ ಎಂಬುದರಿಂದ, ಡೆಸಿಸೀಮೆನ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾಮಾನ್ಯ ತಳಿಗಳಲ್ಲಿ ಮಣ್ಣಿನ ಲವಣತೆ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ ಮೇಲೆ ಪ್ರತಿ ಒಂದು ಅಂಕಕ್ಕೆ ಇಳುವರಿ ಸುಮಾರು ಶೇ 12ರಷ್ಟು ಕುಸಿಯುತ್ತದೆ. ಸಮುದ್ರದ ನೀರಿನದು 50ರ ಆಸುಪಾಸು. ಜೂನ್ ಮಳೆಯಲ್ಲಿ ಗದ್ದೆ ತುಂಬಿಸಿ, ಇಳಿತದಲ್ಲಿ ಬಸಿದು, ಮತ್ತೆ ತುಂಬಿಸಿ ಎರಡು ಮೂರು ಸಲ ತೊಳೆಯುವುದು ರೂಢಿ. ಸಾಕಾಯಿತೇ ಎಂದು ನಾಲಿಗೆಯಲ್ಲಿ ರುಚಿ ನೋಡುವ ಬದಲು ಪೆನ್ನಿನಾಕಾರದ ಮೀಟರ್ ಬಳಸಬಹುದು, ಸಂಘಕ್ಕೆ ಒಂದು ಇದ್ದರೆ ಸಾಕು. ಎರಡು ಎಚ್ಚರ ಬೇಕು. ಋತುವಿನ ಆರಂಭದಲ್ಲಿ ಮೀಟರನ್ನು 1.413 ಡೆಸಿಸೀಮೆನ್ಸ್‌ನ ಪ್ರಮಾಣಿತ ದ್ರಾವಣದಲ್ಲಿ ಅದ್ದಿ ಸರಿಪಡಿಸಿಕೊಳ್ಳಬೇಕು. ನೀರನ್ನು ಮೇಲ್ಮೈಯಿಂದಲ್ಲ, ಕೆಸರಿಗೆ ತಾಗುವ ಮಟ್ಟದಿಂದ ತೆಗೆಯಬೇಕು. ಸಿಹಿ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ, ಮೇಲಿನ ನೀರು ಅಳೆದು ಬಿತ್ತಿದರೆ ಬೇರು ಕೆಳಗಿನ ಉಪ್ಪಿಗೆ ಸಿಗುತ್ತದೆ. ನಾಟಿ ಮಾಡುವವರು 30ರಿಂದ 35 ದಿನದ ಬಲಿತ ಸಸಿಯನ್ನು ಗುಣಿಗೆ ಮೂರು ನಾಲ್ಕರಂತೆ ಹಚ್ಚಬೇಕು. ಎಳೆ ಸಸಿ ನಿಲ್ಲುವುದಿಲ್ಲ.

ಮೀಸೆಯಿರುವ ಬೀಜವನ್ನು ಜೊಳ್ಳು ಬೇರ್ಪಡಿಸಲು ಉಪ್ಪುನೀರಿಗೆ, ಅಂದರೆ ಲೀಟರಿಗೆ 60 ಗ್ರಾಂ ಉಪ್ಪಿನ ನೀರಿಗೆ ಹಾಕಿದಾಗ, ಮೀಸೆಯಲ್ಲಿ ಗಾಳಿ ಸಿಕ್ಕಿ ಗಟ್ಟಿ ಕಾಳೂ ತೇಲುತ್ತದೆ. ಕೈಯಾಡಿಸಿ ಗುಳ್ಳೆ ಬಿಡಿಸಿದ ಮೇಲೆಯೇ ತೇಲಿದ್ದನ್ನು ತೆಗೆಯಬೇಕು, ಉಳಿದದ್ದನ್ನು ಸಿಹಿನೀರಿನಲ್ಲಿ ತೊಳೆದು ನೆನೆಹಾಕಬೇಕು.

ಕೊರಗುಟ್ ಮತ್ತು ಕಗ್ಗವನ್ನು ಒಂದೇ ಗದ್ದೆಯಲ್ಲಿ ಅಕ್ಕಪಕ್ಕ ಬೆಳೆಸಿ ನೋಡುವ ಪ್ರಯೋಗ ರೈತರ ಹೊಲದಲ್ಲೇ ನಡೆಯಬೇಕು, ಕುಮಟಾದಲ್ಲಿ ಒಂದು, ಗೋವಾದ ತಿಸವಾಡಿ ತಾಲ್ಲೂಕಿನಲ್ಲಿ ಒಂದು. ಕಗ್ಗ ಮುಳುಗಡೆ ತಡೆಯುತ್ತದೆಂಬ ಹೆಸರು ಪಡೆದಿದೆ. ಈಗಿನ ಮಳೆಯ ಅವಾಂತರ ನೋಡಿದರೆ ಆ ಗುಣ ಗೋವಾದ ರೈತನಿಗೂ ಬೇಕು. ಬೀಜ ಗಡಿ ದಾಟಿದಾಗ ಬೆರಕೆಯಾಗದಂತೆ ಎರಡೂ ಕಡೆ ಹೂವಿನ ಹೊತ್ತಿನಲ್ಲಿ ಬೇರೆ ಎತ್ತರದ, ಬೇರೆ ಮೀಸೆಯ ಗಿಡಗಳನ್ನು ಕಿತ್ತು ಹಾಕುವ ಶಿಸ್ತು ಇರಲಿ.

ಕಾಂಡ್ಲಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ವಿಷಯ ಸೂಕ್ಷ್ಮವಾದದ್ದು. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಗೋವಾದ ಖಜಾನ್‌ಗೆ ಪ್ರತ್ಯೇಕ ನಿರ್ವಹಣಾ ಯೋಜನೆ ಆಗಬೇಕು ಎಂದೂ, ಅಲ್ಲಿನ ಕಾಂಡ್ಲಾ ಉಳಿಯಬೇಕು ಎಂದೂ ಹೇಳಿತ್ತು. ಒಡ್ಡಿನ ಹೊರಗೆ ಕಾಂಡ್ಲಾ ಬೇಕೇ ಬೇಕು, ಅಲೆಯ ಹೊಡೆತವನ್ನು ಮೊದಲು ತಿನ್ನುವುದು ಅದೇ. ಆದರೆ ಒಡೆದ ಒಡ್ಡನ್ನು ಒಂದೆರಡು ಮಳೆಗಾಲ ಹಾಗೇ ಬಿಟ್ಟರೆ ಗದ್ದೆಯೊಳಗೇ ಕಾಂಡ್ಲಾ ಬೇರೂರುತ್ತದೆ. ಆಮೇಲೆ ಕಡಿಯಲು ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಆದ್ದರಿಂದ ದುರಸ್ತಿಯ ಅರ್ಜಿಗೆ ಗಡುವು ಇರಲೇಬೇಕು: ಒಡ್ಡು ಹರಿದ ಮೇಲೆ ಬರುವ ಮೊದಲ ಬೇಸಿಗೆಯ ಕೆಲಸಕ್ಕೆ, ಫೆಬ್ರವರಿಗೆ ಮುಂಚೆಯೇ ಹಣ ಮಂಜೂರಾಗಬೇಕು. ಏಪ್ರಿಲ್‌ನಲ್ಲಿ ಬಂದ ಹಣದಿಂದ ಹಾಕಿದ ಮಣ್ಣು ಗಟ್ಟಿಯಾಗುವ ಮೊದಲೇ ಮಳೆ ಬಂದಿರುತ್ತದೆ.

ಕೊನೆಗೆ ನಿಮ್ಮ ಪತ್ರಿಕೆಗೇ ಒಂದು ವಿನಂತಿ. ಹವಾಮಾನದ ಅಂಕಣದಲ್ಲಿ ಮುರ್ಮಗಾಂವ್ ಮತ್ತು ಕಾರವಾರ ಬಂದರುಗಳ ದಿನದ ಉಬ್ಬರ, ಇಳಿತದ ಸಮಯ ಮತ್ತು ಎತ್ತರವನ್ನು ಎರಡು ಸಾಲಿನಲ್ಲಿ ಮುದ್ರಿಸಿ. ವರ್ಷದ ಪಟ್ಟಿ ಮುಂಚಿತವಾಗಿಯೇ ಪ್ರಕಟವಾಗಿರುತ್ತದೆ. ನದಿಯೊಳಗೆ ಹೋದಷ್ಟೂ ಉಬ್ಬರ ತಡವಾಗುತ್ತದೆ, ಆ ತಡ ಪ್ರತಿ ತೂಬಿಗೂ ಬೇರೆ. ತೂಬಿನ ಬಳಿ ಗುರುತು ಹಾಕಿದ ಗೂಟ ನೆಟ್ಟು ಒಂದು ಪಕ್ಷ ಗಡಿಯಾರ ನೋಡಿ ಬರೆದಿಟ್ಟುಕೊಂಡರೆ, ನೀವು ಮುದ್ರಿಸಿದ ಸಮಯಕ್ಕೆ ಎಷ್ಟು ನಿಮಿಷ ಕೂಡಿಸಬೇಕು ಎಂಬುದು ಆ ಊರಿನವರಿಗೆ ಸಿಕ್ಕಿಬಿಡುತ್ತದೆ.

ಇಂತಿ,
ಗೋವಾದಲ್ಲಿ ಖಜಾನ್ ಕೃಷಿ, ಮಣ್ಣು ಮತ್ತು ಮೀನುಗಾರಿಕೆಯ ಕೆಲಸದಲ್ಲಿರುವ ಕೆಲವು ಕನ್ನಡಿಗರು,
ಫೋಂಡಾ, ಗೋವಾ