ಹೋಳಿಗೆ ಬರುತ್ತೆ, ಆಯಾ ಸಂಬಳ ಬರಲ್ಲ

ಸಂಪಾದಕರೇ,

ನಮ್ಮೂರಿನ ಒಂದು ವೃದ್ಧಾಶ್ರಮದ ಲೆಕ್ಕ ಬರೆಯೋದು 4 ವರ್ಷದಿಂದ ನನ್ನ ಕೆಲಸ. ಸಂಬಳವಿಲ್ಲ. ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ನೆ ಕೂರೋಕಾಗದೆ ಒಪ್ಪಿಕೊಂಡಿದ್ದು.

ಮೊನ್ನೆ ಭಾನುವಾರ ಅಲ್ಲಿ ಮೂರು ಹುಟ್ಟುಹಬ್ಬ. ಬೆಳಿಗ್ಗೆ ಕೇಸರಿಬಾತು, ಮಧ್ಯಾಹ್ನ ಹೋಳಿಗೆ, ಸಂಜೆ ಕೇಕು. ಇರುವ 32 ಜನರಲ್ಲಿ 19 ಜನಕ್ಕೆ ಶುಗರ್. ಬೇಡ ಅನ್ನೋಕೆ ಅವರಿಗೆ ಮನಸ್ಸಿಲ್ಲ, ನಮಗೆ ಬಾಯಿಲ್ಲ, ಯಾಕೆಂದರೆ ಎದುರಿಗೆ ಹೊಸ ಬಟ್ಟೆ ಹಾಕಿಕೊಂಡ ಮಗು ತಟ್ಟೆ ಹಿಡಿದು ನಿಂತಿರುತ್ತೆ, ಪಕ್ಕದಲ್ಲಿ ಅದರಪ್ಪ ಮೊಬೈಲ್ ಹಿಡಿದಿರುತ್ತಾರೆ. ಸೋಮವಾರ ಬೆಳಿಗ್ಗೆ ಸಕ್ಕರೆ ನೋಡಿ ಬರೆದ ಪುಸ್ತಕವನ್ನು ಅವರ್‍ಯಾರೂ ನೋಡಿಲ್ಲ.

ಅದೇ ಭಾನುವಾರ ರಾತ್ರಿ ಪಾಳಿಯ ಆಯಾ ಕೆಲಸ ಬಿಟ್ಟರು. ಎರಡು ತಿಂಗಳಿಂದ ಅರ್ಧ ಸಂಬಳ ಕೊಟ್ಟಿದ್ದೆವು. ತಪ್ಪು ನಮ್ಮದೇ.

ಊಟ ಹಾಕಿಸುವವರ ವರ್ಷದ ಪಟ್ಟಿ ನಮ್ಮಲ್ಲಿ ಬೇಗ ತುಂಬುತ್ತೆ. ಪಿತೃಪಕ್ಷದಲ್ಲಂತೂ ದಿನ ಸಿಗದೆ ಶಿಫಾರಸು ಹಿಡಿದು ಬರುವವರಿದ್ದಾರೆ. ಫ್ಯಾನು, ಕುರ್ಚಿ, ನೀರಿನ ಫಿಲ್ಟರ್ ಕೇಳಿದರೂ ಸಿಗುತ್ತೆ, ಹೆಸರು ಬರೆಸಬಹುದಲ್ವಾ. ಆಯಾ ಸಂಬಳಕ್ಕೆ ಅಂತ ಕೇಳಿ ನೋಡಿ. "ನಮ್ಮ ದುಡ್ಡು ಬಡವರಿಗೇ ಸೇರಬೇಕು ಸಾರ್, ಸಂಬಳಕ್ಕೆಲ್ಲ ಬೇಡ" ಅಂತಾರೆ. ಒಳ್ಳೆಯ ಮನಸ್ಸಿನವರೇ ಹೀಗೆ ಹೇಳೋದು. ನಾನೂ ಕೆಲಸದಲ್ಲಿದ್ದಾಗ ಹೀಗೇ ಹೇಳಿದವನು.

ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ ಚರ್ಮ ಕೆಂಪಾಗಿ, ಆಮೇಲೆ ಕಿತ್ತು, ಹುಣ್ಣು ಮೂಳೆಯವರೆಗೂ ಇಳಿಯುತ್ತೆ. ಸ್ವಲ್ಪ ದಪ್ಪಗಿರುವವರನ್ನು ಹೊರಳಿಸೋಕೆ ಇಬ್ಬರು ಬೇಕು. ರಾತ್ರಿ 2 ಗಂಟೆಗೂ ಬೇಕು. ಡೈಪರ್ ಯಾರಾದರೂ ತಂದುಕೊಡಬಹುದು, ಅದನ್ನು ಬದಲಿಸುವ ಕೈಗೆ ಸಂಬಳ ಕೊಡಬೇಕು ತಾನೆ? ಆ ಕೈಯೇ ಇಲ್ಲಿ ಸೇವೆ, ಉಳಿದದ್ದೆಲ್ಲ ಸಾಮಾನು.

ಬೆಂಗಳೂರಿನ ಮಾರತಹಳ್ಳಿ ಕಡೆ ಇರುವ ಕರುಣಾಶ್ರಯವನ್ನೇ ನೋಡಿ. 1994ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಘಟಕ ಮತ್ತು ಇಂದಿರಾನಗರದ ರೋಟರಿಯವರು ಸೇರಿ ಇದರ ಟ್ರಸ್ಟ್ ಮಾಡಿದರು. ಇನ್ನು ಗುಣವಾಗಲ್ಲ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟ ಕ್ಯಾನ್ಸರ್ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾರೆ, ಮನೆಗೂ ಹೋಗಿ ನೋಡುತ್ತಾರೆ, ರೋಗಿಯಿಂದ ಒಂದು ಪೈಸೆ ತೆಗೆದುಕೊಳ್ಳಲ್ಲ. ಅಲ್ಲಿ ದೊಡ್ಡ ಯಂತ್ರಗಳ ಕೆಲಸ ಕಡಿಮೆ. ನೋವಿಗೆ ಮಾರ್ಫಿನ್, ಗಾಯಕ್ಕೆ ಡ್ರೆಸಿಂಗ್, ಕೂತು ಮಾತಾಡುವ ನರ್ಸ್. ಮಾರ್ಫಿನ್ ಮಾತ್ರೆ ದುಬಾರಿಯೇನಲ್ಲ. ಅದನ್ನು ಇಟ್ಟುಕೊಳ್ಳುವ ಕಾನೂನು ತೊಡಕನ್ನೂ ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ಎಷ್ಟೋ ಸಡಿಲಿಸಿದೆ. ಅದನ್ನು ಅಳತೆ ತಿಳಿದು, ಹೊತ್ತಿಗೆ ಸರಿಯಾಗಿ ಕೊಡುವ ಜನ ಬೇಕು. ಅವರಿಗೂ ಮನೆ ಬಾಡಿಗೆ, ಮಕ್ಕಳ ಫೀಸು ಇರುತ್ತೆ.

ಕಂಪನಿಗಳದ್ದು ಇನ್ನೊಂದು ಕಥೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ಕೊಡಬೇಕು, ಇದಕ್ಕೇ ಸಿಎಸ್‌ಆರ್ ಅನ್ನೋದು. ನಾವು ಅರ್ಜಿ ಹಾಕಿದ ಒಂದು ಕಡೆ (ಹೆಸರು ಬೇಡ ಬಿಡಿ) ಸಂಬಳದ ಸಾಲಿಗೆಲ್ಲ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಆಡಳಿತ ವೆಚ್ಚ ಶೇ. 5 ಮೀರಬಾರದು ಎಂಬ ನಿಯಮ ಇದೆಯಂತೆ. ಇದೆ, ನಿಜ. ಆದರೆ ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ಮಾಡುವ ಖರ್ಚಿನ ಮಿತಿ. ಯೋಜನೆ ನಡೆಸುವ ಖರ್ಚು ಅದರಲ್ಲಿ ಬರಲ್ಲ ಎಂದು ಸರ್ಕಾರವೇ 2021ರಲ್ಲಿ ವಿವರಣೆ ಕೊಟ್ಟಿದೆ. ವೃದ್ಧಾಶ್ರಮದಲ್ಲಿ ಆಯಾ ಸಂಬಳ ಆಡಳಿತ ವೆಚ್ಚ ಹೇಗಾಗುತ್ತೆ? ಇದನ್ನೆಲ್ಲ ಬರೆದು ಮತ್ತೆ ಕಳಿಸಿದೆ. ಉತ್ತರ ಬಂದಿಲ್ಲ.

ಹುಟ್ಟುಹಬ್ಬ ಬೇಡ ಅಂತ ನಾನು ಹೇಳ್ತಿಲ್ಲ. ಮಕ್ಕಳು ಬಂದರೆ ಅಜ್ಜಿಯರಿಗೆ ನಿಜವಾಗಿಯೂ ಖುಷಿ, ಹೋದ ಮೇಲೂ ಎರಡು ದಿನ ಅದೇ ಮಾತು. ಬನ್ನಿ, ಕೂತು ಮಾತಾಡಿ, ಹೋಳಿಗೆ ದುಡ್ಡನ್ನು ತಿಂಗಳಿಗಿಷ್ಟು ಎಂದು ಹಂಚಿ ಖಾತೆಗೆ ಹಾಕಿ. 500 ರೂಪಾಯಿಯಾದರೂ ಸರಿ, ತಪ್ಪದೆ ಬಂದರೆ ಯಾರಿಗಾದರೂ ಸಂಬಳದ ಮಾತು ಕೊಡೋಕೆ ಧೈರ್ಯ ಬರುತ್ತೆ. ಅಂದಹಾಗೆ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದಕ್ಕೆ ತೆರಿಗೆ ವಿನಾಯಿತಿಯೂ ಸಿಗಲ್ಲ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನಿಮಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೆರಡು ಸಲ "ವೃದ್ಧಾಶ್ರಮದಲ್ಲಿ ಹಣ್ಣು ವಿತರಣೆ" ಫೋಟೊ ಬರುತ್ತೆ. ಬಾಳೆಹಣ್ಣು ಹಿಡಿದವರ ಹೆಸರು ಸಾಲಾಗಿ ಇರುತ್ತೆ, ತೆಗೆದುಕೊಂಡವರ ಹೆಸರು ಇರಲ್ಲ. ಒಂದು ಸಲ ರಾತ್ರಿ 2 ಗಂಟೆಗೆ ವರದಿಗಾರರನ್ನು ಕಳಿಸಿ.

ನಮ್ಮಲ್ಲಿ ಆ ಪಾಳಿ ಇನ್ನೂ ಖಾಲಿ ಇದೆ. ಸದ್ಯ ಅಡುಗೆಯಮ್ಮನೇ ವರಾಂಡದಲ್ಲಿ ಚಾಪೆ ಹಾಸಿ ಮಲಗುತ್ತಿದ್ದಾರೆ.

– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ