ಚಿಕಿತ್ಸೆಗೂ ಚಮತ್ಕಾರಕ್ಕೂ ಒಂದೇ ಹೆಸರೇಕೆ?

ಮಾನ್ಯ ಸಂಪಾದಕರೇ,

ಬಯಲು ರಂಗಮಂದಿರದಲ್ಲಿ ಭಾನುವಾರ ನಡೆದ ಸಮ್ಮೋಹನ (ಹಿಪ್ನಾಟಿಸಂ) ಪ್ರದರ್ಶನದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಮಂಗಳವಾರ ಬಂದ ವರದಿ ಓದಿ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ‘ನಗೆಗಡಲಲ್ಲಿ ತೇಲಿದ ಪ್ರೇಕ್ಷಕರು’ ಎಂದು ತಲೆಬರಹ ಕೊಟ್ಟಿದ್ದೀರಿ. ಮೂರನೇ ಸಾಲಿನಲ್ಲಿ ಕುಳಿತಿದ್ದ ನನ್ನ ಪತ್ನಿಯ ಮುಖವನ್ನು ತಮ್ಮ ವರದಿಗಾರರು ಒಮ್ಮೆ ನೋಡಿದ್ದರೆ ಆ ತಲೆಬರಹ ಬರುತ್ತಿರಲಿಲ್ಲ. ಸಾಲದ್ದಕ್ಕೆ ಆ ಕಲಾವಿದರನ್ನು ‘ಖ್ಯಾತ ಮನೋವೈದ್ಯ’ ಎಂದೂ ಬರೆದಿದ್ದೀರಿ. ಯಾರು ಹೇಳಿದರು ಸ್ವಾಮಿ? ಅವರ ಫಲಕದಲ್ಲಿ ಹೆಸರಿನ ಮುಂದೆ ‘ಡಾ.’ ಇದೆ, ಪಕ್ಕದಲ್ಲಿ ನಗುಮುಖದ ಫೋಟೊ ಇದೆ. ನೋಂದಣಿ ಸಂಖ್ಯೆ ಮಾತ್ರ ಎಲ್ಲಿಯೂ ಇಲ್ಲ.

ನನ್ನ ಪತ್ನಿ ನಿವೃತ್ತ ಶಾಲಾ ಶಿಕ್ಷಕಿ. ಕಳೆದ ವರ್ಷ ಕಣ್ಣೆದುರೇ ನಡೆದ ಅಪಘಾತವೊಂದನ್ನು ನೋಡಿದಂದಿನಿಂದ ಎಂಟು ತಿಂಗಳು ಅವಳಿಗೆ ನೆಟ್ಟಗೆ ನಿದ್ದೆ ಇರಲಿಲ್ಲ. ಮಾತ್ರೆಗಳು ಒಗ್ಗಲಿಲ್ಲ. ಬಲ್ಲವರೊಬ್ಬರ ಮಾತು ಕೇಳಿ ಹಳೇ ಬಸ್ ನಿಲ್ದಾಣದ ಹಿಂದಿರುವ, ಇದೇ ಕಲಾವಿದರ ಸಮ್ಮೋಹನ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಎಂಟು ಭೇಟಿಗೆ 6,400 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಐದು ಭೇಟಿ ಮುಗಿದಿತ್ತು. ಸುಳ್ಳು ಹೇಳಬಾರದು, ಗುಣವೂ ಕಂಡಿತ್ತು. ನಾಲ್ಕನೇ ಸಲ ಹೋಗಿಬಂದ ಮರುದಿನ ಬೆಳಿಗ್ಗೆ ಹಾಲಿನವನು ಮೂರು ಬಾರಿ ಬೆಲ್ ಒತ್ತಿದರೂ ಅವಳಿಗೆ ಎಚ್ಚರವಾಗಲಿಲ್ಲ. ನಾನೇ ಎದ್ದು ಹಾಲು ಹಾಕಿಸಿಕೊಂಡು, ಸದ್ದಾಗದಂತೆ ಬಾಗಿಲು ಮುಚ್ಚಿ, ಅವಳು ಏಳುವವರೆಗೂ ಒಂದು ಲೋಟವನ್ನೂ ಮುಟ್ಟದೆ ಅಡುಗೆಮನೆಯಲ್ಲಿ ಕುಳಿತಿದ್ದೆ. ಆ ಬೆಳಗಿನ ನೆಮ್ಮದಿಯನ್ನು ಹೇಗೆ ಬರೆದು ತಿಳಿಸಲಿ?

ಆ ನೆಮ್ಮದಿಗೆ ಭಾನುವಾರ ಕಲ್ಲು ಬಿತ್ತು. ಪ್ರದರ್ಶನದ ಟಿಕೆಟ್ ಮಾರುತ್ತಿದ್ದುದು ಬೇರೆಲ್ಲೂ ಅಲ್ಲ, ಅದೇ ಚಿಕಿತ್ಸಾಲಯದ ಕೌಂಟರಿನಲ್ಲಿ. ಐದನೇ ಭೇಟಿಯ ದಿನ, ‘ನಮ್ಮ ಸಾರ್ ಪ್ರೋಗ್ರಾಂ ಇದೆ, ಬರಲೇಬೇಕು’ ಎಂದು ತಲಾ 150 ರೂಪಾಯಿಯ ಎರಡು ಟಿಕೆಟ್ ಕೈಗಿಟ್ಟರು. ಚಿಕಿತ್ಸೆ ಕೊಡುವವರ ಕಡೆಯವರು ಕೇಳಿದಾಗ ಬೇಡವೆನ್ನಲು ಬಾಯಿ ಬರುವುದಿಲ್ಲ. ಮನೆಗೆ ಬಂದು ನೋಡಿದರೆ ಟಿಕೆಟ್ಟಿನ ಮೇಲೂ ಮುಂಗಡದ ರಸೀದಿಯ ಮೇಲೂ ಅದೇ ಹೆಸರು, ಅದೇ ಫೋಟೊ, ಅದೇ ದೂರವಾಣಿ ಸಂಖ್ಯೆ.

ಆರು ಗಂಟೆಗೆಂದು ಹೇಳಿದ ಪ್ರದರ್ಶನ ಏಳೂವರೆಗೆ ಶುರುವಾಯಿತು. ಶೌಚಾಲಯಕ್ಕೆ ಬೀಗ. ಮೊದಲಿಗೆ ಎಲ್ಲರೂ ಬೆರಳುಗಳನ್ನು ಹೆಣೆದುಕೊಳ್ಳಿ ಎಂದರು. ಬಿಡಿಸಲಾಗದೆ ಕುಳಿತವರನ್ನು ಸಹಾಯಕರು ಟಾರ್ಚ್ ಬೆಳಕಿನಲ್ಲಿ ಹುಡುಕಿ ವೇದಿಕೆಗೆ ಕರೆದೊಯ್ದರು. ನನ್ನ ಪತ್ನಿಯ ಬೆರಳುಗಳೂ ಹೆಣೆದೇ ಇದ್ದವು. ಟಾರ್ಚ್ ಅವಳ ಮಡಿಲಿನ ಮೇಲೆ ಬಂದು ನಿಂತಾಗ ನಾನೇ ಎದ್ದು ಅಡ್ಡ ನಿಂತೆ. ಆಮೇಲೆ ಮೈಕಿನಲ್ಲಿ ಅದೇ ದನಿ: ‘ರೆಪ್ಪೆ ಭಾರವಾಗುತ್ತಿದೆ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೀರಿ, ಹತ್ತು, ಒಂಬತ್ತು, ಎಂಟು...’ ಮುಚ್ಚಿದ ಕೋಣೆಯಲ್ಲಿ ಅವಳಿಗೆ ನಿದ್ದೆ ತಂದುಕೊಟ್ಟ ಅದೇ ಮಾತುಗಳು, ಅಕ್ಷರ ಬದಲಾಗದೆ. ಆ ಮಾತುಗಳ ಕೊನೆಗೆ ಹದಿನಾಲ್ಕರ ಹುಡುಗನೊಬ್ಬ ಹಸಿ ಈರುಳ್ಳಿಯನ್ನು ಸೇಬು ಎಂದುಕೊಂಡು ಕಚ್ಚಿ ಕಚ್ಚಿ ತಿಂದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮೈದಾನಕ್ಕೆ ಮೈದಾನವೇ ನಗುತ್ತಿತ್ತು. ಆ ಹುಡುಗ ನನ್ನ ಪತ್ನಿಯ ಬಳಿ ಅಕ್ಷರ ಕಲಿತವನು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಬಿಟ್ಟಳು.

ಹೊರಗೆ ಮಳೆ. 60 ರೂಪಾಯಿಯ ದಾರಿಗೆ ಆಟೊದವನು 120 ಕೇಳಿದ. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: ‘ನಾನೂ ಅಲ್ಲಿ ಹೀಗೇ ಕಣ್ಣು ಮುಚ್ಚಿ ಕುಳಿತಿದ್ದೆನಲ್ಲ, ನನ್ನಿಂದ ಏನೇನು ಮಾಡಿಸಿದರೋ.’ ಮರುದಿನ ನಲ್ಲಿಯ ಬಳಿ ಪಕ್ಕದ ಮನೆಯಾಕೆ, ‘ನಿಮ್ಮನ್ನೂ ಕೋಳಿಯ ಹಾಗೆ ಕೂಗಿಸುತ್ತಾರಾ?’ ಎಂದು ಕೇಳಿದರಂತೆ. ಅಂದಿನಿಂದ ಆ ಕಡೆ ಹೆಜ್ಜೆ ಇಡಲು ಅವಳು ಒಪ್ಪುತ್ತಿಲ್ಲ. ರಾತ್ರಿ ಎರಡಕ್ಕೆ ಎದ್ದು ಕಿಟಕಿಯ ಬಳಿ ಕೂರುವುದು ಮತ್ತೆ ಶುರುವಾಗಿದೆ. ಈ ಚಿಕಿತ್ಸೆಯಲ್ಲಿ ಸೂಜಿಯಿಲ್ಲ, ಔಷಧವಿಲ್ಲ. ಇರುವುದು ಒಂದು ದನಿ, ಆ ದನಿಯ ಮೇಲೆ ರೋಗಿ ಇಟ್ಟ ನಂಬಿಕೆ. ಅದನ್ನೇ 150 ರೂಪಾಯಿಗೆ ಮೈದಾನದಲ್ಲಿ ಮಾರಿದರೆ ಕೋಣೆಯಲ್ಲಿ ಏನು ಉಳಿಯುತ್ತದೆ?

ನಾನು ಕಲೆಯ ವೈರಿಯಲ್ಲ. ಜಾದೂ, ಸರ್ಕಸ್ಸು, ಕಂಪನಿ ನಾಟಕ ಎಲ್ಲವನ್ನೂ ದುಡ್ಡು ಕೊಟ್ಟು ನೋಡಿದವನು. ಅವರ ಹೊಟ್ಟೆಪಾಡಿಗೆ ಕಲ್ಲು ಹಾಕುವ ಉದ್ದೇಶವೂ ನನಗಿಲ್ಲ. ನಾನು ಕೇಳುವುದು ಇಷ್ಟೇ: ವೇದಿಕೆಗೆ ಬೇರೆ ಹೆಸರು ಇಟ್ಟುಕೊಳ್ಳಲಿ. ನಮ್ಮಲ್ಲಿ ಇದೇನು ಕಾಣದ ಸಂಪ್ರದಾಯವೇ? ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ತಂದರು. ನಗಿಸುವಾಗ ಅವರು ‘ರಾಶಿ’, ನಾಡಿ ಹಿಡಿಯುವಾಗ ಡಾಕ್ಟರ್ ಶಿವರಾಂ. ಹೋಗಲಿ, ಈ ವಿದ್ಯೆಯ ಇತಿಹಾಸವನ್ನಾದರೂ ಇವರು ಓದಿದ್ದಾರೆಯೇ? ಮೂರು ದಿನಗಳಿಂದ ನಾನು ಅದನ್ನೇ ಓದುತ್ತಿದ್ದೇನೆ. 1841ರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ನೋಡಿದ್ದೂ ಇಂಥದ್ದೇ ವೇದಿಕೆಯ ಪ್ರದರ್ಶನವನ್ನು. ಅದರಲ್ಲಿ ಸತ್ಯವೆಷ್ಟು ಎಂದು ಮನೆಯಲ್ಲಿ ತಾನೇ ಪರೀಕ್ಷಿಸಿದ. ಆಮೇಲೆ ಮೆಸ್ಮರ್ ಎಂಬ ಹಿಂದಿನ ವೈದ್ಯನ ಹೆಸರಿನಲ್ಲಿ ನಡೆಯುತ್ತಿದ್ದ ಹಳೆಯ ವಿದ್ಯೆಯಿಂದ ತನ್ನದನ್ನು ಬೇರ್ಪಡಿಸಲು ಹೊಸ ಹೆಸರನ್ನೇ ಕೊಟ್ಟ. 1843ರ ಅವನ ಪುಸ್ತಕದಿಂದಲೇ ‘ಹಿಪ್ನಾಟಿಸಂ’ ಎಂಬ ಮಾತು ಬಳಕೆಗೆ ಬಂದದ್ದು. ವೈದ್ಯ ಅಂದು ಹೆಸರಿನಿಂದಲೇ ಎಳೆದ ಗೆರೆಯನ್ನು ನಮ್ಮೂರಿನಲ್ಲಿ ಒಂದು ಬ್ಯಾನರಿನಿಂದ ಅಳಿಸಿದ್ದಾರೆ.

ಬ್ರಿಟನ್ನಿನಲ್ಲಿ 1952ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿದರು. ಮನರಂಜನೆಗಾಗಿ ಸಮ್ಮೋಹನ ಪ್ರದರ್ಶಿಸಲು ಸ್ಥಳೀಯ ಆಡಳಿತದ ಅನುಮತಿ ಬೇಕು. ಹದಿನೆಂಟು ತುಂಬದವರನ್ನು ಪ್ರದರ್ಶನದಲ್ಲಿ ಸಮ್ಮೋಹನಕ್ಕೆ ಒಳಪಡಿಸುವಂತಿಲ್ಲ. ಚಿಕಿತ್ಸೆಗಾಗಿ ಮಾಡುವ ಸಮ್ಮೋಹನವನ್ನು ಅದೇ ಕಾಯ್ದೆ ಹೊರಗಿಟ್ಟಿದೆ. ಎರಡೂ ಬೇರೆ ಎಂದು ಅಲ್ಲಿ ಎಪ್ಪತ್ತು ವರ್ಷಗಳ ಹಿಂದೆಯೇ ತಿಳಿದಿತ್ತು. ನಮ್ಮಲ್ಲಿ ಹದಿನಾಲ್ಕರ ಹುಡುಗನ ಬಾಯಿಗೆ ಈರುಳ್ಳಿ ತುರುಕಿ, ಫೋಟೊ ಸಮೇತ ಪತ್ರಿಕೆಯಲ್ಲಿ ಹಾಕುತ್ತೇವೆ.

ಹೆಸರು ಬದಲಾದರೂ ಮುಖ ಅದೇ ಇರುತ್ತದಲ್ಲ ಎಂದು ನನ್ನ ಮಗ ವಾದಿಸಿದ. ಇರಲಿ. ಹೆಸರು ಬೇರೆ ಇದ್ದರೆ ಟಿಕೆಟ್ ಮಾರಲು ಚಿಕಿತ್ಸಾಲಯದ ಕೌಂಟರ್ ಬೇಕಾಗುವುದಿಲ್ಲ, ಸೇಬು ಎಂದು ಈರುಳ್ಳಿ ತಿನ್ನಿಸಿದ ಖ್ಯಾತಿಯನ್ನು ನೋಡಿ ರೋಗಿಗಳು ಬರುವುದಿಲ್ಲ. ನಲ್ಲಿಯ ಬಳಿ ನನ್ನ ಪತ್ನಿಯನ್ನು ಯಾರೂ ಹಾಗೆ ಕೇಳುತ್ತಲೂ ಇರಲಿಲ್ಲ.

ಬುಧವಾರ ಆರೋಗ್ಯ ಇಲಾಖೆಯ ಕಚೇರಿಗೆ ಹೋದೆ. ಖಾಸಗಿ ಚಿಕಿತ್ಸಾಲಯಗಳು ನೋಂದಣಿಯಾಗಬೇಕೆಂದು 2007ರ ಕಾಯ್ದೆ ಹೇಳುತ್ತದೆ, ಇವರದು ಆಗಿದೆಯೇ ಎಂದು ಕೇಳಿದೆ. ಸಮ್ಮೋಹನ ಎಂಬ ಕಲಂ ನಮ್ಮ ನಮೂನೆಯಲ್ಲಿ ಇಲ್ಲ, ಅದು ಸಂಸ್ಕೃತಿ ಇಲಾಖೆಗೆ ಸೇರಿದ್ದು ಎಂದರು. ಅಲ್ಲಿಗೆ ಹೋದರೆ, ಚಿಕಿತ್ಸೆ ಎಂದ ಮೇಲೆ ಆರೋಗ್ಯ ಇಲಾಖೆಯಲ್ಲವೇ ಎಂದರು. ಮೈದಾನದ ಬಾಡಿಗೆ ಕಟ್ಟಿದ್ದಾರೆ, ರಸೀದಿ ಇದೆ, ಇನ್ನೇನು ಬೇಕು ಎಂದು ನಗರಸಭೆಯವರು ನನ್ನನ್ನೇ ಕೇಳಿದರು. ಆಟೊಗೆ 240 ರೂಪಾಯಿ, ಮೊಣಕಾಲು ನೋವು, ಒಂದು ಇಡೀ ದಿನ. ವೈದ್ಯರು ಫಲಕದ ಮೇಲೆ ತಮ್ಮ ಫೋಟೊ ಹಾಕಿಕೊಳ್ಳುವುದು ಸ್ವಪ್ರಚಾರ, ಅದು ಅನೈತಿಕ ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಇವರು ವೈದ್ಯರಾದರೆ ಆ ಫೋಟೊ ಹೇಗೆ ಬಂತು? ವೈದ್ಯರಲ್ಲವಾದರೆ ಆ ‘ಡಾ.’ ಎಲ್ಲಿಂದ ಬಂತು? ಉತ್ತರ ಕೊಡಬೇಕಾದವರು ಮೀಟಿಂಗಿನಲ್ಲಿದ್ದರು.

ಇದೇ ಅಧಿಕಾರಿಗಳಿಗೆ ಎರಡು ವರ್ಷಗಳ ಹಿಂದೆ ಬಸ್ ನಿಲ್ದಾಣದ ಅರಳಿಮರದ ಕೆಳಗೆ ಹಲ್ಲು ಕೀಳುತ್ತಿದ್ದವನ ಬಗ್ಗೆ ಮೂರು ಪ್ರತಿಗಳಲ್ಲಿ ಅರ್ಜಿ ಕೊಟ್ಟಿದ್ದೆ. ಅವನು ಈಗ ಅಂಗಡಿಯನ್ನೇ ಹಾಕಿದ್ದಾನೆ. ನಮ್ಮ ಅಡ್ಡರಸ್ತೆಯ ಚರಂಡಿಗೆ ಚಪ್ಪಡಿ ಹಾಕಿಸುತ್ತೇವೆಂದು ಅಳತೆ ತೆಗೆದುಕೊಂಡು ಹೋದವರು ಮತ್ತೆ ಮುಖ ತೋರಿಸಿಲ್ಲ. ಯುಗಾದಿಯಿಂದ ಉರಿಯದ ಬೀದಿದೀಪದ ಕಂಬಕ್ಕೆ ಈ ಸಮ್ಮೋಹನದ ಬ್ಯಾನರ್ ಕಟ್ಟಲು ಮಾತ್ರ ಒಂದೇ ದಿನದಲ್ಲಿ ಅನುಮತಿ ಸಿಕ್ಕಿತು. ತೆರಿಗೆ ಕಟ್ಟುವವರನ್ನು ಕಂಡರೆ ಇವರಿಗೆ ಅಷ್ಟು ಸದರವೇ?

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತು, ವೇದಿಕೆಗೆ ಒಂದು ಹೆಸರು, ಚಿಕಿತ್ಸೆಗೆ ಇನ್ನೊಂದು ಎಂದು ನಿಯಮ ಮಾಡಬೇಕು. ಅದಾಗದಿದ್ದರೆ ಎರಡರಲ್ಲಿ ಒಂದನ್ನು ಮುಚ್ಚಿಸಬೇಕು. ಮಕ್ಕಳನ್ನು ವೇದಿಕೆಗೆ ಹತ್ತಿಸಿದವರ ಮೇಲೂ, ಹತ್ತಿಸಲು ಬಿಟ್ಟವರ ಮೇಲೂ ಕ್ರಮವಾಗಬೇಕು. ಉಳಿದ ಮೂರು ಭೇಟಿಗಳ 2,400 ರೂಪಾಯಿಯನ್ನು ಅವರು ಹಿಂದಿರುಗಿಸಬೇಕು. ತಾವೂ ಇನ್ನು ಮುಂದೆ ಯಾರನ್ನಾದರೂ ಮನೋವೈದ್ಯ ಎಂದು ಬರೆಯುವ ಮೊದಲು ಒಂದು ಮಾತು ವಿಚಾರಿಸಿ. ಆ ಬ್ಯಾನರ್ ಇನ್ನೂ ನಮ್ಮ ಮಲಗುವ ಕೋಣೆಯ ಎದುರಿನ ಕಂಬದಲ್ಲೇ ತೂಗುತ್ತಿದೆ. ನನ್ನ ಪತ್ನಿ ಆ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದಾಳೆ. ಯಾವ ಇಲಾಖೆಯ ಕೆಲಸವಾದರೂ ಸರಿ, ಮೊದಲು ಅದನ್ನು ಇಳಿಸಿ.

— ನೊಂದ ಹಿರಿಯ ನಾಗರಿಕ
(ಪತ್ನಿಯ ಚಿಕಿತ್ಸೆಯ ವಿಷಯವಾದ್ದರಿಂದ ಹೆಸರು, ವಿಳಾಸ ಪ್ರಕಟಿಸಬೇಡಿ)